ವಾದಿಯ ತಿರುವಿನಲ್ಲಿ ಅಗೆದ ನಾಲ್ಕು ದಿನ

ಪಿಕಪ್ ಸಿಕ್ಕಿದ್ದು ನೆರೆ ಬಂದ ಮಾರನೆಯ ಬೆಳಿಗ್ಗೆ. ರಸ್ತೆ ವಾದಿಯನ್ನು ದಾಟುವ ಜಾಗದಿಂದ ಮುನ್ನೂರು ಮೀಟರ್ ಕೆಳಗೆ, ಒಂದು ದೊಡ್ಡ ಬಂಡೆಗೆ ಒರಗಿ ನಿಂತಿತ್ತು. ಚಾಲಕನ ಕಡೆಯ ಬಾಗಿಲು ತೆರೆದಿತ್ತು. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಒಳಗೆ ಮೊಣಕಾಲೆತ್ತರ ಕೆಸರು ತುಂಬಿತ್ತು, ಮನುಷ್ಯ ಇರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಅದರ ಮರುದಿನ, ಬೇರೆ ಕೆಲಸಕ್ಕೆ. ಒಮಾನಿನ ಪರ್ವತಗಳಲ್ಲಿ ಹೊಳೆ ಅಂದರೆ ವರ್ಷದ ಬಹುಪಾಲು ಒಣಗಿ ಬಿದ್ದಿರುವ ಕಲ್ಲುಹಾಸು. ಅದನ್ನೇ ವಾದಿ ಅನ್ನುವುದು. ಮೇಲೆ ಮಳೆ ಬಿದ್ದರೆ ಒಂದೆರಡು ಗಂಟೆಯಲ್ಲಿ ಗೋಡೆಯಂತೆ ನೀರು ಬರುತ್ತದೆ, ಮರುದಿನ ಮತ್ತೆ ಕಲ್ಲು. ನಮ್ಮ ಕಂಪನಿ ಆ ವಾದಿಯ ಮಳೆಮಾಪಕಗಳನ್ನೂ ನೀರಿನ ಮಟ್ಟ ಅಳೆಯುವ ಉಪಕರಣಗಳನ್ನೂ ನೋಡಿಕೊಳ್ಳುತ್ತಿತ್ತು. ಪರ್ವತದ ಮೇಲೆ ಬಿದ್ದ ನೀರಿನಲ್ಲಿ ಎಷ್ಟು ಪಾಲು ಯಾವ ವೇಗದಲ್ಲಿ ಕೆಳಗಿನ ಅಣೆಕಟ್ಟಿಗೆ ಬರುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಕಟ್ಟುವುದು ನನ್ನ ಕೆಲಸ. ಪ್ರತಿ ನೆರೆಯ ನಂತರ ಎರಡು ಮೂರು ದಿನದೊಳಗೆ ವಾದಿಗಿಳಿದು, ನೀರು ಎಲ್ಲಿಯವರೆಗೆ ಏರಿತ್ತು ಅನ್ನುವ ಗುರುತುಗಳನ್ನು ಅಳೆದುಕೊಳ್ಳಬೇಕು. ಮರದ ಕವಲಿಗೆ ಸಿಕ್ಕಿದ ಖರ್ಜೂರದ ನಾರು, ಬಂಡೆಯ ಮೇಲೆ ಕೆಸರು ಬಿಟ್ಟ ಗೆರೆ, ಬೇಲಿಗೆ ಮೆತ್ತಿದ ಕಸ. ತಡವಾದರೆ ಗಾಳಿ ಒರೆಸುತ್ತದೆ, ಆಡುಗಳು ತಿಂದುಬಿಡುತ್ತವೆ.

ಜೊತೆಗೆ ನಮ್ಮ ತಂತ್ರಜ್ಞರೊಬ್ಬರಿದ್ದರು. ಕರಾವಳಿಯ ಸೀಬ್ ಊರಿನವರು, ಬಲೂಚಿ ಮೂಲದ ಒಮಾನಿ, ಐವತ್ತು ದಾಟಿದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನಾವು ಅದರಲ್ಲೇ ಮಾತಾಡಿಕೊಳ್ಳುತ್ತಿದ್ದೆವು.

ರಸ್ತೆ ದಾಟುವಲ್ಲಿದ್ದ ನಮ್ಮ ಮಟ್ಟಮಾಪಕದ ಕಬ್ಬಿಣದ ಕೊಳವೆ ಬುಡಸಮೇತ ಹೋಗಿತ್ತು. ಕಾಂಕ್ರೀಟಿನಲ್ಲಿ ನಾಲ್ಕು ಬೋಲ್ಟು ಮಾತ್ರ ಉಳಿದಿದ್ದವು. ನಾನು ಅದರ ಫೋಟೊ ತೆಗೆಯುತ್ತಿದ್ದಾಗ ಮಗಳ ಫೋನು ಬಂತು. ಶಾಲೆಯಿಂದ ಬಂದಿದ್ದಳು. ಡಬ್ಬಿಯಲ್ಲಿದ್ದದ್ದು ತಿಂದೆಯಾ ಅಂತ ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಡೆಯುತ್ತಿತ್ತು. ಫೋನು ಇಟ್ಟು ತಿರುಗಿದರೆ ಹಿಂದೆ ಒಬ್ಬರು ನಿಂತಿದ್ದರು. ನಲವತ್ತೈದರ ಆಸುಪಾಸು, ಗ್ಯಾರೇಜಿನ ನೀಲಿ ಮೇಲಂಗಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದು.

"ಮೇಡಂ ಕನ್ನಡದವರಾ?"

ಮೈಸೂರು ಕಡೆ ಅಂದೆ. ತಮ್ಮದು ಬೆಳ್ತಂಗಡಿ ಅಂದರು. ಗ್ಯಾರೇಜುಗಳ ಬಡಾವಣೆ ಘಾಲಾದಲ್ಲಿ ರೇಡಿಯೇಟರ್ ರಿಪೇರಿ ಮಾಡುತ್ತಾರೆ. ಪಿಕಪ್ಪಿನಲ್ಲಿದ್ದವನು ಅವರ ಹೆಂಡತಿಯ ತಮ್ಮ. ಅದೇ ಸಾಲಿನ ಇನ್ನೊಂದು ವರ್ಕ್‌ಶಾಪಿನಲ್ಲಿ ಕೆಲಸ. ರಿಪೇರಿಯಾದ ಒಂದು ನೀರೆತ್ತುವ ಪಂಪನ್ನು ಮೇಲಿನ ಹಳ್ಳಿಗೆ ಕೊಟ್ಟು ವಾಪಸು ಬರುತ್ತಿದ್ದ. ಸಂಜೆ ನಾಲ್ಕು ಹನ್ನೆರಡಕ್ಕೆ ಫೋನು ಮಾಡಿದ್ದ. ನೀರು ಬಂದಿದೆ, ಗಾಡಿ ನಿಲ್ಲಿಸಿದ್ದೇನೆ, ಇಳಿದ ಮೇಲೆ ಬರ್ತೇನೆ, ಊಟಕ್ಕೆ ಕಾಯಬೇಡಿ ಅಂದಿದ್ದ. ಅಷ್ಟೇ.

"ಅವನು ನೀರಿಗೆ ಗಾಡಿ ಇಳಿಸಿದವನಲ್ಲ ಮೇಡಂ. ಬ್ರೇಕ್ ನೀವೇ ನೋಡಿದ್ದೀರಲ್ಲ," ಅಂದರು. ಆಮೇಲೆ, "ಪೊಲೀಸರು ಹೇಳಿದ್ರು, ನೀರಿನ ಲೆಕ್ಕ ತೆಗೆಯುವವರು ನೀವು ಅಂತ. ಎಷ್ಟು ದೂರ ಹೋಗಿರ್ತಾನೆ ಅಂತ ನಿಮ್ಮ ಲೆಕ್ಕದಲ್ಲಿ ಗೊತ್ತಾಗ್ತದಾ?" ಅಂತ ಕೇಳಿದರು.

ಗೊತ್ತಾಗುವುದಿಲ್ಲ ಅಂತ ಹೇಳಬೇಕಾಗಿತ್ತು. ನಮ್ಮ ಕಂಪ್ಯೂಟರ್ ಮಾದರಿ ಇರುವುದು ನೀರಿಗೆ. ನೀರಿನಲ್ಲಿ ತೇಲುವುದಕ್ಕೆ, ಮುಳುಗುವುದಕ್ಕೆ, ಕಲ್ಲಿನಡಿ ಸಿಕ್ಕಿಕೊಳ್ಳುವುದಕ್ಕೆ ಮಾದರಿಯಲ್ಲಿ ಲೆಕ್ಕವಿಲ್ಲ. ಆದರೆ ಅವರ ಹಿಂದೆ ವಾದಿಯುದ್ದಕ್ಕೂ ಜನ ಕೋಲು ಹಿಡಿದುಕೊಂಡು ಕಸದ ರಾಶಿಗಳನ್ನು ಕೆದಕುತ್ತಿದ್ದರು. ಅಲ್ಲಿಂದ ಅಣೆಕಟ್ಟಿಗೆ ಹನ್ನೊಂದು ಕಿಲೋಮೀಟರು. ಅಷ್ಟು ಉದ್ದ ಕೆದಕುವುದಕ್ಕಿಂತ ಎಲ್ಲೋ ಒಂದು ಕಡೆಯಿಂದ ಶುರುಮಾಡಿದರೆ ಒಳ್ಳೆಯದಲ್ಲವೇ ಅನ್ನಿಸಿತು.

"ನೋಡ್ತೀನಿ," ಅಂದೆ.

ಆ ದಿನ ಸಂಜೆಯವರೆಗೆ ಹದಿನಾಲ್ಕು ಕಡೆ ಗುರುತು ಅಳೆದೆವು. ತಂತ್ರಜ್ಞರು ಅಳತೆಕೋಲು ಹಿಡಿಯುವುದು, ನಾನು ಮಟ್ಟ ಓದುವುದು. ಮೇಲಿನ ಮಳೆಮಾಪಕ ಎರಡು ಸಾವಿರ ಮೀಟರ್ ಎತ್ತರದಲ್ಲಿ, ಪರ್ವತದ ನೆತ್ತಿಯ ಹತ್ತಿರ ಇತ್ತು. ರಸ್ತೆ ಕುಸಿದಿದ್ದರಿಂದ ಹೋಗಲಾಗಲಿಲ್ಲ, ಆದರೆ ಅದು ಮೊಬೈಲ್ ಜಾಲದ ಮೂಲಕ ಅಂಕಿ ಕಳಿಸುತ್ತಿತ್ತು. ಆ ಅಂಕಿಗಳನ್ನು ಮಾದರಿಗೆ ಕೊಟ್ಟೆ. ಮಾದರಿ ಒಂದು ನೆರೆಯನ್ನು ಕಟ್ಟಿಕೊಟ್ಟಿತು. ದೊಡ್ಡದೇ, ಆದರೆ ಹಿಂದೆ ಕಂಡಿರದಂಥದ್ದಲ್ಲ. ಖರ್ಜೂರದ ತೋಟಗಳು ಮುಗಿದ ಮೇಲೆ ವಾದಿ ಎಡಕ್ಕೆ ತಿರುಗಿ ಮೂರು ಪಟ್ಟು ಅಗಲವಾಗುತ್ತದೆ. ಅಲ್ಲಿ ನೀರಿನ ವೇಗ ಒಮ್ಮೆಲೇ ಬೀಳುತ್ತಿತ್ತು. ವೇಗ ಬಿದ್ದಲ್ಲಿ ನೀರು ಹೊತ್ತದ್ದನ್ನು ಇಳಿಸುತ್ತದೆ. ಆ ತಿರುವಿನಲ್ಲಿ ಹೊಸದಾಗಿ ಬಿದ್ದ ಜಲ್ಲಿಯ ದಿಬ್ಬವನ್ನೂ ನಾನು ಕಣ್ಣಾರೆ ನೋಡಿದ್ದೆ.

ಎರಡು ಸಂಗತಿ ಹೊಂದಿಕೆಯಾಗಲಿಲ್ಲ. ತಿರುವಿನ ಹೊರಬದಿಯಲ್ಲಿದ್ದ ಒಂದು ಬೋರೆಮರದ ಕವಲಿನಲ್ಲಿ ನಾರು ಸಿಕ್ಕಿಕೊಂಡಿತ್ತು, ಮಾದರಿ ಹೇಳಿದ ಮಟ್ಟಕ್ಕಿಂತ ಒಂದು ಮೀಟರಿಗೂ ಮೇಲೆ. ತಿರುವಿನಲ್ಲಿ ನೀರು ಹೊರಬದಿಗೆ ಏರುವುದು ಸಹಜ. ನೋಟ್‌ಬುಕ್ಕಿನಲ್ಲಿ "ತಿರುವಿನ ಏರಿಕೆ, ಲೆಕ್ಕದಿಂದ ಬಿಟ್ಟಿದೆ" ಎಂದು ಬರೆದೆ. ಇನ್ನೊಂದು, ಅಣೆಕಟ್ಟಿಗೆ ಬಂದು ಸೇರಿದ ನೀರು ನನ್ನ ಲೆಕ್ಕಕ್ಕಿಂತ ಹೆಚ್ಚಿತ್ತು. ಕೆಳಗೆ ಇನ್ನೊಂದು ಸಣ್ಣ ವಾದಿ ಬಂದು ಸೇರುತ್ತದೆ, ಅದರಲ್ಲಿ ನಮ್ಮ ಉಪಕರಣವಿಲ್ಲ. ಹೆಚ್ಚಿನದು ಅದರದ್ದು ಅಂದುಕೊಂಡೆ. ಎರಡಕ್ಕೂ ಕಾರಣ ಸಿಕ್ಕಿತ್ತು. ಎರಡೂ ಕಾರಣ ಸುಳ್ಳಾಗಿರಲಿಲ್ಲ. ಹಾಗಾಗಿಯೇ ನನಗೆ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸ್ ಅಧಿಕಾರಿ ನನ್ನ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿಕೊಂಡು ಸಮಾಧಾನದಿಂದ ಕೇಳಿದರು. ಬಣ್ಣಗಳ ಅರ್ಥ ವಿಚಾರಿಸಿದರು. ನಾನು ಸಾಧ್ಯತೆ, ಅನಿಶ್ಚಿತತೆ ಅಂತೆಲ್ಲ ಹೇಳುತ್ತಿದ್ದೆ. ತಂತ್ರಜ್ಞರು ಅರಬ್ಬಿಗೆ ತಿರುಗಿಸುತ್ತಿದ್ದರು. ಕೊನೆಗೆ ಅಧಿಕಾರಿ ಕೇಳಿದ್ದು ಒಂದೇ: ಅಗೆಯುವ ಯಂತ್ರ ಸಿಗುವುದು ಒಂದು, ನಿಲ್ಲಿಸಬೇಕಾದ್ದು ಒಂದು ಕಡೆ, ಎಲ್ಲಿ?

ನಾನು ತಿರುವಿನ ಮೇಲೆ ಬೆರಳಿಟ್ಟೆ.

ಹತ್ತಿರದ ರಸ್ತೆ ಕಾಮಗಾರಿಯಿಂದ ಜೆಸಿಬಿ ಎರವಲು ಬಂತು. ಹಳ್ಳಿಯವರು ಗುದ್ದಲಿ ತಂದರು. ಶುಕ್ರವಾರ ರಜೆಯಾದ್ದರಿಂದ ಘಾಲಾದಿಂದ ಎರಡು ವ್ಯಾನುಗಳಲ್ಲಿ ಜನ ಬಂದರು. ಮಂಗಳೂರು ಕಡೆಯವರು, ಮಲಯಾಳಿಗಳು, ಒಬ್ಬ ಪಾಕಿಸ್ತಾನದ ಪೇಂಟರ್. ಅವರು ಒಂದು ಡ್ರಮ್ಮಿನಲ್ಲಿ ಐಸು ಹಾಕಿದ ನೀರು ತಂದಿದ್ದರು, ಅಲ್ಲಿದ್ದವರಿಗೆಲ್ಲ ಕೊಡುತ್ತಿದ್ದರು. ಆ ದಿಬ್ಬಕ್ಕೆ ಯಾರೋ "ಮೇಡಂ ಜಾಗ" ಅಂತ ಹೆಸರಿಟ್ಟರು. ಎಲ್ಲಿ ಇದ್ದೀಯಾ ಅಂತ ಫೋನಿನಲ್ಲಿ ಕೇಳಿದರೆ, ಮೇಡಂ ಜಾಗದಲ್ಲಿ ಅನ್ನುತ್ತಿದ್ದರು. ತುಳುವಿನಲ್ಲೂ ಹಿಂದಿಯಲ್ಲೂ ಅದೇ ಹೆಸರು ಕೇಳಿಬರುತ್ತಿತ್ತು.

ಜಲ್ಲಿ ಅಗೆಯುವುದು ಮಣ್ಣು ಅಗೆದಂತಲ್ಲ. ಒಂದು ಆಳು ಆಳ ಹೋಗುವಷ್ಟರಲ್ಲಿ ಬದಿಗಳು ಜಾರಿ ತುಂಬಿಕೊಳ್ಳುತ್ತವೆ. ಎರಡು ಮೀಟರಿಗೆ ನೀರು ಬರುತ್ತದೆ. ಯಂತ್ರದ ಬಕೆಟ್ಟು ಪ್ರತಿ ಸಲ ಎತ್ತಿದಾಗಲೂ ರೇಡಿಯೇಟರ್‌ನವರು ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು, ಆಮೇಲೆ ಚೆಲ್ಲಲು ಕೈ ಮಾಡುತ್ತಿದ್ದರು. ಮೊದಲ ದಿನ ಒಂದು ಗ್ಯಾಸ್ ಸಿಲಿಂಡರು ಸಿಕ್ಕಿತು, ತೋಟದ ಕಪ್ಪು ಪೈಪುಗಳು, ಎರಡು ಸತ್ತ ಆಡು. ಎರಡನೆಯ ದಿನ ಒಂದು ಚಪ್ಪಲಿ. ಅವರು ಅದನ್ನು ತೊಳೆದು, ತಿರುಗಿಸಿ, ಅಳತೆ ನೋಡಿದರು. ಅವನದಲ್ಲ ಅಂದರು. ಅಂದಮೇಲೂ ಅದನ್ನು ಎಸೆಯದೆ ಒಂದು ಕಲ್ಲಿನ ಮೇಲೆ ಒಣಗಲು ಇಟ್ಟರು.

ನಾನು ಪ್ರತಿದಿನ ಹೋಗುತ್ತಿದ್ದೆ. ಹೋಗುವ ಕೆಲಸವಿರಲಿಲ್ಲ, ಅಳತೆಗಳೆಲ್ಲ ಮುಗಿದಿದ್ದವು. ಆಫೀಸಿನಲ್ಲಿ ಕೂತರೆ ಕೂರಲು ಆಗುತ್ತಿರಲಿಲ್ಲ. ಅಲ್ಲಿ ಹೋದರೆ ನಿಲ್ಲಲು ಆಗುತ್ತಿರಲಿಲ್ಲ. ರೇಡಿಯೇಟರ್‌ನವರು ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿ ಕೊಡುತ್ತಿದ್ದರು. ಮಾತಿನ ನಡುವೆ ಭಾವಮೈದುನನ ವಿಷಯ ಹೇಳುತ್ತಿದ್ದರು. ಮೂವತ್ತಾರು ವರ್ಷ, ಮದುವೆಯಾಗಿಲ್ಲ, ಅಕ್ಕನಿಗೆ ದಿನಾ ಫೋನು ಮಾಡುವವನು. ಈಜು ಬರುತ್ತಿತ್ತು. ನೇತ್ರಾವತಿಯಲ್ಲಿ ಕಲಿತದ್ದು. ಈಜು ಬರುವವರಿಗೆ ಇಂಥ ನೀರಿನಲ್ಲಿ ಏನಾದರೂ ಉಪಯೋಗ ಉಂಟಾ ಅಂತ ಒಮ್ಮೆ ಕೇಳಿದರು. ಕಲ್ಲು ಉರುಳಿಸಿಕೊಂಡು ಬರುವ ನೀರದು. ನಾನು ಸ್ವಲ್ಪ ಇರಬಹುದು ಅಂದೆ.

ಅಗೆಯಲು ಶುರುಮಾಡಿದ ನಾಲ್ಕನೆಯ ದಿನ ಮೇಲಿನ ರಸ್ತೆ ತೆರೆಯಿತು. ನಾನೂ ತಂತ್ರಜ್ಞರೂ ಬೆಳಿಗ್ಗೆಯೇ ಹೊರಟು ನೆತ್ತಿಯ ಮಳೆಮಾಪಕದ ಹತ್ತಿರ ಹೋದೆವು. ಅದು ದೊಡ್ಡ ಆಲಿಕೆಯಂಥ ಪಾತ್ರೆ. ಅದರೊಳಗೆ ಬಿದ್ದ ಮಳೆ ಕೆಳಗಿನ ಸಣ್ಣ ತೂತಿನಿಂದ ಒಂದು ಪುಟ್ಟ ತೊಟ್ಟಿಗೆ ಬೀಳುತ್ತದೆ, ತೊಟ್ಟಿ ತುಂಬಿದಾಗ ಮಗುಚುತ್ತದೆ. ಒಂದೊಂದು ಮಗುಚಿಗೂ ಒಂದೊಂದು ಗುರುತು ದಾಖಲಾಗುತ್ತದೆ. ಮೊಬೈಲ್ ಜಾಲ ಕಳಿಸುವುದು ಗಂಟೆಗಂಟೆಯ ಮೊತ್ತ ಮಾತ್ರ. ಪ್ರತಿ ಮಗುಚಿನ ಸಮಯ, ಗಾಳಿಯ ತಾಪಮಾನ ಎಲ್ಲ ಪೆಟ್ಟಿಗೆಯೊಳಗಿನ ಯಂತ್ರದಲ್ಲೇ ಇರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತು ತೆರೆದೆ.

ಮಳೆ ಬೀಳುವ ರೀತಿಗೆ ಒಂದು ಲಯವಿಲ್ಲ. ಜೋರಾದಾಗ ತೊಟ್ಟಿ ಪಟಪಟ ಮಗುಚುತ್ತದೆ, ಕಡಿಮೆಯಾದಾಗ ತಡೆದು ತಡೆದು. ಆ ಮಧ್ಯಾಹ್ನ ಶುರುವಿನ ಹತ್ತು ನಿಮಿಷ ಹಾಗೇ ಇತ್ತು. ಆಮೇಲೆ ಸುಮ್ಮನಾಗಿತ್ತು. ಆಮೇಲೆ ಎರಡು ಗಂಟೆ ಕಾಲ ಗಡಿಯಾರ ಹೊಡೆದ ಹಾಗೆ, ಒಂದೇ ಅಂತರದಲ್ಲಿ ತೊಟ್ಟಿ ಮಗುಚಿತ್ತು. ಪಕ್ಕದ ಕಾಲಮ್ಮಿನಲ್ಲಿ ತಾಪಮಾನ ಸೊನ್ನೆಯ ಹತ್ತಿರಕ್ಕೆ ಬಿದ್ದಿತ್ತು.

ಅದು ಮಳೆಯಾಗಿರಲಿಲ್ಲ. ಮಂಜುಗಡ್ಡೆ ಕರಗಿ ತೊಟ್ಟಿಕ್ಕಿದ ನೀರು.

ತಂತ್ರಜ್ಞರು ಅಷ್ಟರಲ್ಲಿ ಕೆಳಗಿನ ಕಿರಾಣಿ ಅಂಗಡಿಯವನ ಹತ್ತಿರ ಮಾತಾಡಿ ಬಂದರು. ಆ ದಿನ ಆಲಿಕಲ್ಲು ಬಿದ್ದು, ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೂ ಅಂಗಳವೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತಂತೆ. ಮಕ್ಕಳು ಡಬ್ಬಿಯಲ್ಲಿ ತುಂಬಿಕೊಂಡರಂತೆ. ಆಲಿಕಲ್ಲಿನ ಜೊತೆಗೇ ಕೊಡದಿಂದ ಸುರಿದಂತೆ ಮಳೆಯೂ ಬಿದ್ದಿತ್ತು. ಆಲಿಕೆಯ ತೂತನ್ನು ಆಲಿಕಲ್ಲು ಮುಚ್ಚಿತ್ತು. ಮೇಲೆ ಬಿದ್ದ ಮಳೆ ಒಳಗೆ ಇಳಿಯಲಾರದೆ ಅಂಚಿನಿಂದ ಹೊರಗೆ ಚೆಲ್ಲಿತ್ತು. ಬೋಳು ಬಂಡೆಯ ಪರ್ವತಕ್ಕೆ ಅಂಥ ತಡೆ ಇರಲಿಲ್ಲ, ಅದು ಬಿದ್ದದ್ದನ್ನೆಲ್ಲ ಕೆಳಗೆ ದೂಡಿತ್ತು. ನನ್ನ ಲೆಕ್ಕದಲ್ಲಿದ್ದದ್ದು ನಿಜವಾದ ಮಳೆಯ ಯಾವುದೋ ಒಂದು ಪಾಲು.

ಅಲ್ಲೇ ಕೂತು, ಬೋರೆಮರದ ಗುರುತನ್ನು ನಿಜವೆಂದು ಇಟ್ಟುಕೊಂಡು ಲೆಕ್ಕವನ್ನು ಹಿಂದಿನಿಂದ ಮಾಡಿದೆ. ನೆರೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಅಣೆಕಟ್ಟಿನ ನೀರಿಗೂ ತಾಳೆಯಾಯಿತು. ಆ ನೆರೆಗೆ ತಿರುವಿನ ಅಗಲ ಏನೂ ಅಲ್ಲ. ಅದು ಅಲ್ಲಿ ನಿಧಾನವಾಗಿಯೇ ಇರಲಿಲ್ಲ. ನಾನು ನೋಡಿದ ಜಲ್ಲಿಯ ದಿಬ್ಬ ನೀರು ಇಳಿಯುವಾಗ ಕೊನೆಯಲ್ಲಿ ಬಿಟ್ಟುಹೋದದ್ದು.

ಇಳಿಯುವ ದಾರಿಯಲ್ಲಿ ಆಫೀಸಿನ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ. ಶೋಧಕ್ಕೆ ಜಾಗ ತೋರಿಸುವುದು ನಮ್ಮ ಕೆಲಸವೇ ಅಲ್ಲ, ನೀನು ಹೇಳಿದ್ದೇ ತಪ್ಪು, ಈಗ ಇನ್ನೊಂದು ಹೇಳಲು ಹೋಗಬೇಡ, ವರದಿಯಲ್ಲಿ ಸರಿಮಾಡು ಅಂದರು. ಯಂತ್ರ ಹೇಗೂ ಮಾರನೆಯ ದಿನ ವಾಪಸು ಹೋಗುವುದಿತ್ತು. ಸುಮ್ಮನಿದ್ದರೆ ಅಲ್ಲಿ ಸಿಗಲಿಲ್ಲ ಎಂದು ಅವರೇ ನಿಲ್ಲಿಸುತ್ತಿದ್ದರು. ನನ್ನ ಲೆಕ್ಕ ತಪ್ಪಿತ್ತು ಅನ್ನುವುದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಅಲ್ಲೇ ಎಲ್ಲೋ ಅಡಿಯಲ್ಲಿದ್ದಾನೆ, ತಮಗೆ ಸಿಗಲಿಲ್ಲ ಅಷ್ಟೇ ಎಂದು ರೇಡಿಯೇಟರ್‌ನವರು ನಂಬಿಕೊಂಡಿರುತ್ತಿದ್ದರು. ಅದು ಒಂದು ಲೆಕ್ಕದಲ್ಲಿ ಅವರಿಗೂ ಹಗುರವೇನೋ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ತಂತ್ರಜ್ಞರು ಗಾಡಿ ಓಡಿಸುತ್ತಿದ್ದರು. ನಾನು ಏನೂ ಕೇಳದಿದ್ದರೂ ಒಂದು ತಿರುವಿನಲ್ಲಿ ಗೇರು ಇಳಿಸುತ್ತ ಹೇಳಿದರು, ಇವತ್ತು ಹೇಳಿದರೆ ಅವರಿಗೆ ಇನ್ನೂ ಅರ್ಧ ದಿನದ ಯಂತ್ರ ಉಳಿಯುತ್ತದೆ ಎಂದು.

ಹೇಳಿದೆ. ಮೊದಲು ಅಧಿಕಾರಿಗೆ. ಅವರು ಟೋಪಿ ತೆಗೆದು ತಲೆ ಒರೆಸಿಕೊಂಡು, ಆಯಿತು ಎಂದು ನಕ್ಷೆ ಮಡಚಿದರು. ಆಮೇಲೆ ದಿಬ್ಬದ ಹತ್ತಿರ ಹೋದೆ. ರೇಡಿಯೇಟರ್‌ನವರು ಗುಂಡಿಯೊಳಗಿದ್ದರು. ನನ್ನನ್ನು ನೋಡಿ ಮೇಲೆ ಬಂದರು. ಆಲಿಕಲ್ಲು, ತೂತು, ಮರದ ಕವಲು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಮರದ ಗುರುತು ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು, ನಾನೇ ಬಿಟ್ಟಿದ್ದೆ ಅನ್ನುವುದನ್ನೂ ಹೇಳಿದೆ.

"ಹಾಗಾದ್ರೆ ಎಲ್ಲಿ?"

"ಗೊತ್ತಿಲ್ಲ."

"ಒಂದು ಅಂದಾಜು?"

"ಇಲ್ಲಿಂದ ಅಣೆಕಟ್ಟಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಕೆರೆಯೊಳಗೂ ಇರಬಹುದು. ಇದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ರ ಏನೂ ಇಲ್ಲ."

ಅವರು ದಿಬ್ಬವನ್ನು ನೋಡಿದರು. ನಾಲ್ಕು ದಿನದಲ್ಲಿ ಅದು ದಿಬ್ಬವಾಗಿ ಉಳಿದಿರಲಿಲ್ಲ.

"ಇಷ್ಟು ಜನ ನಿಮ್ಮ ಮಾತು ಕೇಳಿದ್ರು ಮೇಡಂ," ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಅಂದರು. ಆಮೇಲೆ ಮತ್ತೆ ಗುಂಡಿಗಿಳಿದರು. ಅಗೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳಿದೆ. ಶುರುಮಾಡಿದ ಗುಂಡಿ ಇದೊಂದು ಮುಗಿಸುತ್ತೇನೆ ಅಂದರು. ಯಂತ್ರ ಕೆಳಗೆ ಹೋದ ಮೇಲೂ, ಕತ್ತಲಾಗುವ ಮುನ್ನ ನಾವು ಹೊರಡುವಾಗಲೂ, ಗುದ್ದಲಿಯ ಸದ್ದು ಬರುತ್ತಿತ್ತು.

ಅಣೆಕಟ್ಟಿನವರೆಗೂ ಕೆದಕಿದರೂ ಸಿಗದಿದ್ದಾಗ ಉಳಿದದ್ದು ಅಣೆಕಟ್ಟಿನ ಕೆರೆ. ಅದು ನೀರು ಕೂಡಿಡುವ ಅಣೆಕಟ್ಟಲ್ಲ. ನೆರೆಯನ್ನು ತಡೆದು, ಮಣ್ಣು ತಳಕ್ಕಿಳಿದ ಮೇಲೆ, ತಿಳಿನೀರನ್ನು ಬುಡದ ತೂಬುಗಳಿಂದ ಸ್ವಲ್ಪ ಸ್ವಲ್ಪವಾಗಿ ಬಿಡುವುದು. ಕೆಳಗಿನ ಜಲ್ಲಿಹಾಸು ಅದನ್ನು ಕುಡಿಯುತ್ತದೆ. ಕರಾವಳಿಯ ಬರ್ಕಾ ಕಡೆಯ ತೋಟಗಳ ಬಾವಿಗೆ ಸಮುದ್ರದ ಉಪ್ಪು ನುಗ್ಗದಂತೆ ಒತ್ತಿಹಿಡಿಯುವುದು ಆ ನೀರೇ. ಮುಳುಗುಗಾರರು ಎರಡು ದಿನ ಕೆರೆಗಿಳಿದರು. ನೀರು ಚಹಾದ ಬಣ್ಣದಲ್ಲಿತ್ತು. ಮುಖದ ಮುಂದೆ ಹಿಡಿದ ಕೈ ಕಾಣುವುದಿಲ್ಲ ಅಂದರು. ನೀರು ಇಳಿಯುವವರೆಗೆ ಕಾಯುವುದು ಎಂದಾಯಿತು.

ತೂಬು ಪೂರ್ತಿ ತೆರೆಸಿ ಮೇಡಂ, ಎರಡೇ ದಿನದಲ್ಲಿ ಖಾಲಿಯಾಗ್ತದಲ್ಲ ಎಂದು ರೇಡಿಯೇಟರ್‌ನವರು ಕೇಳಿದರು. ನಾನು ಅಣೆಕಟ್ಟಿನ ಎಂಜಿನಿಯರ್ ಹತ್ತಿರ ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಿದರು, ಆ ಮನುಷ್ಯನ ಬಗ್ಗೆ ವಿಚಾರಿಸಿದರು, ಬೇಸರಪಟ್ಟುಕೊಂಡರು. ಆಮೇಲೆ ಗೋಡೆಯ ಮೇಲೆ ಅಂಟಿಸಿದ್ದ ಒಂದು ಹಾಳೆಯನ್ನು ತೋರಿಸಿದರು. ಕೆರೆಯ ಮಟ್ಟ ಇಷ್ಟಿದ್ದಾಗ ತೂಬು ಇಷ್ಟೇ ತೆರೆಯಬೇಕು, ಹೆಚ್ಚು ತೆರೆದರೆ ರಾಡಿ ಹೋಗಿ ಕೆಳಗಿನ ಜಲ್ಲಿಯ ಕಣ್ಣು ಮುಚ್ಚುತ್ತದೆ, ಮುಚ್ಚಿದರೆ ವರ್ಷಗಟ್ಟಲೆ ನೀರು ಇಂಗುವುದಿಲ್ಲ. ಅದು ಹಿಂದಿನ ವರ್ಷ ನಾನೇ ಮಾಡಿಕೊಟ್ಟ ಪಟ್ಟಿ. ಇದು ತಪ್ಪು ಅಂತ ಬರೆದುಕೊಡುತ್ತೀರಾ, ನಾನು ಮೇಲಿನವರಿಗೆ ಕಳಿಸುತ್ತೇನೆ ಅಂದರು. ತಪ್ಪಾಗಿರಲಿಲ್ಲ. ನಾನು ಮಾಡಿದ ಲೆಕ್ಕಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆಯಿದ್ದದ್ದು ಅದರ ಮೇಲೆಯೇ.

ಹೊರಗೆ ಬಂದಾಗ ರೇಡಿಯೇಟರ್‌ನವರು ಅಣೆಕಟ್ಟಿನ ಕಟ್ಟೆಯ ಮೇಲೆ ಕೂತಿದ್ದರು. ಆಗುವುದಿಲ್ಲವಂತೆ ಅಂದೆ, ಕಾರಣ ಹೇಳಿದೆ.

"ಇದು ಯಾರು ಮಾಡಿದ ರೂಲ್ಸು?"

"ನಾನೇ ಮಾಡಿದ್ದು."

"ಹಾಗಾದ್ರೆ ಸರಿ ಇರಬಹುದು," ಅಂದರು.

ಕೆರೆ ಯಾವತ್ತು ಬರಿದಾಗುತ್ತದೆ ಎಂದು ಲೆಕ್ಕ ಹಾಕಿಕೊಟ್ಟೆ. ಹದಿನೇಳು ದಿನ, ಹೆಚ್ಚೆಂದರೆ ಹದಿನೆಂಟು. ಆ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಕೆರೆಯ ಮಟ್ಟ ನನ್ನ ಫೋನಿಗೆ ಬರುತ್ತಿತ್ತು. ಅದನ್ನು ಅವರಿಗೆ ಕಳಿಸುತ್ತಿದ್ದೆ. ನಾಲ್ಕನೆಯ ದಿನದಿಂದ ಬೆಳ್ತಂಗಡಿಯ ಒಂದು ನಂಬರಿನಿಂದಲೂ ಮೆಸೇಜು ಬರತೊಡಗಿತು. ಅವರ ಹೆಂಡತಿ. "ಇವತ್ತು ಎಷ್ಟು?" ಅಂತ ಅಷ್ಟೇ. ನಾನು ಅಂಕಿ ಬರೆಯುತ್ತಿದ್ದೆ. ಒಂದು ದಿನ ಮಗಳಿಗೆ ಜ್ವರ ಬಂದು, ಕಳಿಸುವುದು ಹತ್ತು ಗಂಟೆಯಾಯಿತು. ಅಷ್ಟರಲ್ಲಿ ಅವರು ಮೂರು ಸಲ ಕೇಳಿದ್ದರು. ಆ ಹೆಂಗಸಿಗೆ ಆ ಅಂಕಿಯ ಅರ್ಥ ಏನೆಂದು ನನಗೆ ಗೊತ್ತಿಲ್ಲ. ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅನ್ನುವ ಲೆಕ್ಕ ಅದು. ದಿನಕ್ಕೆ ಒಂದು ಗೇಣು, ಎರಡು ಗೇಣು ಕಡಿಮೆಯಾಗುತ್ತಿತ್ತು. ಅಷ್ಟು ಗೊತ್ತಾದರೆ ಸಾಕಾಗಿತ್ತೇನೋ.

ಹದಿನೇಳನೆಯ ದಿನ ಕೆರೆ ಬರಿದಾಯಿತು. ಆ ವರ್ಷ ನನ್ನ ಯಾವ ಲೆಕ್ಕವೂ ಅಷ್ಟು ಕರಾರುವಾಕ್ಕಾಗಿ ಬಂದಿರಲಿಲ್ಲ. ಬೆಳಿಗ್ಗೆಯೇ ಜನ ಸೇರಿದರು. ಪೊಲೀಸರು ಎಲ್ಲರನ್ನೂ ಕೈಯಳತೆಯ ಅಂತರದಲ್ಲಿ ಸಾಲಾಗಿ ನಿಲ್ಲಿಸಿದರು. ಅಂಚಿನಲ್ಲಿ ಕೆಸರು ಒಡೆದು ಹಪ್ಪಳದಂತೆ ಎದ್ದಿತ್ತು. ನಡುವೆ ಇನ್ನೂ ಮೆತ್ತಗಿತ್ತು, ಹೆಜ್ಜೆಯಿಟ್ಟರೆ ಮೀನಖಂಡದವರೆಗೆ ಇಳಿಯುತ್ತಿತ್ತು. ಕೋಲು ಚುಚ್ಚುವುದು, ಒಂದು ಹೆಜ್ಜೆ, ಮತ್ತೆ ಚುಚ್ಚುವುದು. ನಾನೂ ಸಾಲಿನಲ್ಲಿದ್ದೆ. ನನ್ನ ಎಡಕ್ಕೆ ತಂತ್ರಜ್ಞರು, ಅವರ ಆಚೆ ರೇಡಿಯೇಟರ್‌ನವರು. ಸಂಜೆಯವರೆಗೆ ಕೆರೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆವು. ಟೈರುಗಳು, ಪೈಪುಗಳು, ಒಂದು ಬಾಗಿಲು, ನಮ್ಮ ಮಟ್ಟಮಾಪಕದ ಬಗ್ಗಿಹೋದ ಕೊಳವೆ. ತಂತ್ರಜ್ಞರು ಆ ಕೊಳವೆಯನ್ನು ಕೆಸರಿನಿಂದ ಎಳೆದು ಬದಿಗಿಟ್ಟರು.

ಅವನು ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ.

ಅದಾಗಿ ಹತ್ತು ದಿನಕ್ಕೆ ರೇಡಿಯೇಟರ್‌ನವರು ಸೀಬ್‌ನಲ್ಲಿರುವ ನಮ್ಮ ಮನೆಗೆ ಬಂದರು. ಮೊದಲೇ ಫೋನು ಮಾಡಿ, ಒಂದು ವಿಷಯ ಕೇಳ್ಲಿಕ್ಕುಂಟು ಅಂದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಒಂದು ಕಟ್ಟು ಬಾಳೆಕಾಯಿ ಚಿಪ್ಸು ತಂದಿದ್ದರು. ಸೋಫಾದ ಅಂಚಿನಲ್ಲಿ ಕೂತರು. ಮಗಳು ನೀರು ತಂದುಕೊಟ್ಟು ಒಳಗೆ ಹೋದಳು.

ಸಾವಿನ ಬಗ್ಗೆ ಸರ್ಕಾರದ ಕಾಗದ ಆಗಲು ಸಮಯ ಹಿಡಿಯುತ್ತದಂತೆ, ಅದು ಅದರ ಪಾಡಿಗೆ ಆಗಲಿ. ಆದರೆ ಮನೆಯವರು ಕ್ರಿಯೆ ಮಾಡಿ ಮುಗಿಸಲು ತೀರ್ಮಾನಿಸಿದ್ದಾರೆ. ಅಕ್ಕನೇ ಹೇಳಿದ್ದಂತೆ, ಸಾಕು ಅಂತ. ದೇಹ ಇಲ್ಲದಿದ್ದರೆ ದರ್ಭೆಯಲ್ಲಿ ಮಾಡುತ್ತಾರೆ. ಅದು ತೊಂದರೆಯಿಲ್ಲ. ತೊಂದರೆ ಇರುವುದು ತಿಥಿಯದು.

"ಆ ದಿನ ಊರಿನ ಟೈಮಿಗೆ ಸಂಜೆ ಆರು ಗಂಟೆ ಐದು ನಿಮಿಷದವರೆಗೆ ತದಿಗೆಯಂತೆ. ಆಮೇಲೆ ಚೌತಿ. ಭಟ್ರು ಕೇಳ್ತಾರೆ, ಯಾವುದರಲ್ಲಿ ಹೋದದ್ದು ಅಂತ. ವರ್ಷ ವರ್ಷ ಮಾಡುವುದಲ್ವಾ, ತಪ್ಪಬಾರದು. ನನಗೆ ಯಾರನ್ನು ಕೇಳುವುದು ಅಂತ ಗೊತ್ತಾಗ್ಲಿಲ್ಲ."

ಊರಿನ ಆರೂ ಐದು ಅಂದರೆ ಇಲ್ಲಿಯ ನಾಲ್ಕೂ ಮೂವತ್ತೈದು. ಲ್ಯಾಪ್‌ಟಾಪ್ ತೆಗೆದೆ. ಸರಿಮಾಡಿದ ಲೆಕ್ಕದಲ್ಲಿ, ರಸ್ತೆ ದಾಟುವ ಜಾಗಕ್ಕೆ ನೆರೆಯ ತುತ್ತತುದಿ, ದಡದಲ್ಲಿದ್ದ ಗಾಡಿಯನ್ನು ಎತ್ತಿಕೊಳ್ಳುವಷ್ಟು ನೀರು, ಬಂದದ್ದು ನಾಲ್ಕೂಕಾಲರಿಂದ ಐದೂ ಐದರ ನಡುವೆ ಯಾವಾಗಲೋ. ಪರದೆಯ ಮೇಲೆ ಅದು ಒಂದು ಗೆರೆಯಾಗಿರಲಿಲ್ಲ, ಅಗಲವಾದ ಬೂದು ಪಟ್ಟಿಯಾಗಿತ್ತು. ನಾಲ್ಕೂ ಮೂವತ್ತೈದು ಅದರ ಒಳಗೇ ಬೀಳುತ್ತಿತ್ತು. ಆ ಪಟ್ಟಿಯನ್ನು ಕಿರಿದು ಮಾಡಲು ನಾನು ಎರಡು ವಾರದಿಂದ ಪ್ರಯತ್ನಿಸುತ್ತಿದ್ದೆ. ಮಟ್ಟಮಾಪಕ ಕೊಚ್ಚಿಹೋದ ಮೇಲೆ ಅದು ಕಿರಿದಾಗುವ ದಾರಿ ಇರಲಿಲ್ಲ.

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಯಾವುದೇ ಅಂಕಿಯನ್ನು ಹೇಳುವಾಗಲೂ ಮುಂದೆ ಹಿಂದೆ ಎಷ್ಟು ಎಂದು ಸೇರಿಸಿ ಹೇಳುವುದು ನನ್ನ ಕೆಲಸದ ಮೊದಲ ಪಾಠ. ಅವನು ನಾಲ್ಕು ಹನ್ನೆರಡಕ್ಕೆ ದಡದಲ್ಲಿ ಗಾಡಿ ನಿಲ್ಲಿಸಿ ಫೋನು ಮಾಡಿದ್ದ. ಪಟ್ಟಿಯ ಆಚೆಯ ತುದಿಯಾದರೆ ಅವನು ಐವತ್ತು ನಿಮಿಷ ಅಲ್ಲಿ ನಿಂತು ನೀರು ಏರುವುದನ್ನು ನೋಡಿರಬೇಕು. ಈಚೆಯ ತುದಿಯಾದರೆ ಹೆಚ್ಚು ಹೊತ್ತಿಲ್ಲ.

"ನಾಲ್ಕು ಇಪ್ಪತ್ತೈದು," ಅಂದೆ.

"ಖಂಡಿತವಾ ಮೇಡಂ?"

"ಖಂಡಿತ."

ಅವರು ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಬರೆಯತೊಡಗಿದರು. ಅರ್ಧಕ್ಕೆ ನಿಲ್ಲಿಸಿ ತಲೆ ಎತ್ತಿದರು.

"ಇದು ಇಲ್ಲಿಯ ಟೈಮಲ್ವಾ?"

ಹೌದು ಅಂದೆ. ಅವರು ಬೆರಳು ಮಡಚಿ ಒಂದೂವರೆ ಗಂಟೆ ಕೂಡಿಸಿದರು. ಇನ್ನೊಮ್ಮೆ ಕೂಡಿಸಿ ನೋಡಿದರು. ಐದು ಐವತ್ತೈದು ಎಂದು ಬರೆದು ಕಳಿಸಿದರು.